ಡಿಜಿಟಲ್ ಕಲಾ ಸಾಮಗ್ರಿಯ ಮಾರಾಟ: ಬೇಡಿಕೆಗೆ ಒಗ್ಗಿಕೊಳ್ಳುವ ಬಗೆ

ಕಂಪ್ಯೂಟರ್ ಆಟ, ಅನಿಮೇಷನ್, ಜಾಹೀರಾತು, ಮುದ್ರಣ ಮೊದಲಾದ ಕೆಲಸಗಳಿಗೆ ಬೇಕಾಗುವ ಚಿತ್ರ, ಮೂರು ಆಯಾಮದ ಮಾದರಿ, ಅಕ್ಷರವಿನ್ಯಾಸ, ಬ್ರಷ್, ಆಮಂತ್ರಣದ ನಮೂನೆ ಇತ್ಯಾದಿಗಳನ್ನು ಒಬ್ಬರು ಒಮ್ಮೆ ಸಿದ್ಧಪಡಿಸಿ, ಅದೇ ಫೈಲನ್ನು ಹಲವಾರು ಜನರಿಗೆ ಮಾರುವ ವ್ಯಾಪಾರ ಶುರುವಾಗಿ ಕಾಲು ಶತಮಾನ ಸಂದಿದೆ. ಛಾಯಾಚಿತ್ರ ಮತ್ತು ರೇಖಾಚಿತ್ರಗಳಿಗಾಗಿ ಕೆನಡಾದ ಐಸ್ಟಾಕ್‌ಫೋಟೊ, ಮೂರು ಆಯಾಮದ ಮಾದರಿಗಳಿಗಾಗಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಟರ್ಬೋಸ್ಕ್ವಿಡ್ 2000ರಲ್ಲಿ ಆರಂಭವಾದವು; ಆಟ ತಯಾರಕರಿಗಾಗಿ ಯೂನಿಟಿ ಅಸೆಟ್ ಸ್ಟೋರ್ 2010ರಲ್ಲಿ ತೆರೆಯಿತು; ಎಪಿಕ್ ಸಂಸ್ಥೆ ತನ್ನ ಬೇರೆ ಬೇರೆ ಅಂಗಡಿಗಳನ್ನು ಒಂದೇ ಸೂರಿನಡಿ ತಂದು 2024ರ ಅಕ್ಟೋಬರ್‌ನಲ್ಲಿ ಫ್ಯಾಬ್ ಎಂಬ ಮಳಿಗೆಯನ್ನು ಆರಂಭಿಸಿತು. ಈ ಕಸುಬಿನವರು ಇಂಥ ಸಿದ್ಧ ಸಾಮಗ್ರಿಯನ್ನು ‘ಅಸೆಟ್’ ಎಂದು ಕರೆಯುತ್ತಾರೆ.

ಅಸೆಟ್ ಕೊಳ್ಳುವವರು ಗೋಡೆಗೆ ತೂಗುಹಾಕಲು ಚಿತ್ರ ಹುಡುಕುವ ರಸಿಕರಲ್ಲ. ಅವರಲ್ಲಿ ಬಹುಪಾಲು ಜನ ತಾವೇ ಕಲಾವಿದರು, ಪ್ರೋಗ್ರಾಮರ್‌ಗಳು ಅಥವಾ ಮುದ್ರಣದ ವಿನ್ಯಾಸಕರಾಗಿದ್ದು, ಕೊಂಡ ಫೈಲು ಅವರ ಪಾಲಿಗೆ ಕಚ್ಚಾಮಾಲು ಮಾತ್ರ. ಅದನ್ನು ತಮ್ಮ ಕೆಲಸದೊಳಗೆ ಕೂರಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ. ಹೊಸದಾಗಿ ಈ ವ್ಯಾಪಾರಕ್ಕಿಳಿಯುವವರು ಬೇಡಿಕೆ ಎಂದೊಡನೆ ಯಾವ ವಿಷಯದ ಚಿತ್ರಕ್ಕೆ ಗಿರಾಕಿ ಹೆಚ್ಚು ಎಂದಷ್ಟೇ ಲೆಕ್ಕಹಾಕಿ, ಈಗಾಗಲೇ ನೂರಾರು ಜನ ಮುಗಿಬಿದ್ದಿರುವ ಕಾಡು, ಕೋಟೆ, ಬಾಹ್ಯಾಕಾಶ ನೌಕೆಗಳ ಹಿಂದೆ ಹೋಗುತ್ತಾರೆ. ಅಂಗಡಿಯಲ್ಲಿ ವರ್ಷಗಟ್ಟಲೆ ನೆಲೆನಿಂತ ಮಾರಾಟಗಾರರನ್ನು ಗಮನಿಸಿದರೆ ಅವರ ಬಹುಪಾಲು ದುಡಿಮೆ ವಿಷಯದ ಆಯ್ಕೆಯಲ್ಲಿರದೆ, ಒಂದೇ ವಸ್ತುವನ್ನು ಕೊಳ್ಳುವವರ ಸಲಕರಣೆಗೆ, ಅಳತೆಗೆ, ಕಾನೂನಿನ ಅಗತ್ಯಕ್ಕೆ ಹೊಂದಿಸುವುದರಲ್ಲಿ ವ್ಯಯವಾಗುವುದು ಕಾಣುತ್ತದೆ.

ಬೇಡಿಕೆ ಎಲ್ಲಿ ಕಾಣುತ್ತದೆ

ಬೇಡಿಕೆಯನ್ನು ಅರಿಯಲು ಮಾರಾಟದ ಅಂಕಿಗಳಿಗಿಂತ ದೂರುಗಳು ಹೆಚ್ಚು ನೆರವಾಗುತ್ತವೆ. ತನ್ನ ಸರಕಿಗೆ ಬಂದ ಪ್ರಶ್ನೆಗಳು, ಹಣ ವಾಪಸು ಕೇಳಿದವರು ಕೊಟ್ಟ ಕಾರಣಗಳು, ಅದೇ ಬಗೆಯ ಪೈಪೋಟಿಯ ಸರಕಿಗೆ ಬಂದ ಎರಡು-ಮೂರು ನಕ್ಷತ್ರಗಳ ವಿಮರ್ಶೆಗಳು ಇವುಗಳನ್ನು ಒಟ್ಟಿಗೆ ಓದಿದಾಗ, ಯಾವ ಕೊರತೆಯನ್ನು ತುಂಬಿದರೆ ಕೊಳ್ಳುವವರು ಇತ್ತ ತಿರುಗುತ್ತಾರೆ ಎಂಬುದು ತಿಳಿಯುತ್ತದೆ. ಐದು ನಕ್ಷತ್ರದ ವಿಮರ್ಶೆಯಲ್ಲಿ ಹೊಗಳಿಕೆಯ ಹೊರತು ಹೆಚ್ಚೇನೂ ಇರುವುದಿಲ್ಲ. ಒಂದು ನಕ್ಷತ್ರದ್ದು ಹಲವು ಸಲ ಬರೀ ಸಿಟ್ಟು. ನಡುವಿನವರು ಸಾಮಗ್ರಿಯನ್ನು ನಿಜವಾಗಿ ಬಳಸಿ, ಎಲ್ಲಿ ತೊಡಕಾಯಿತೆಂದು ಬರೆದವರು.

ಮೂರು ಆಯಾಮದ ಮನೆಯ ಮಾದರಿಯೊಂದನ್ನು ಉದಾಹರಣೆಯಾಗಿ ನೋಡಬಹುದು. ಹೊರನೋಟಕ್ಕೆ ಹೆಂಚು, ಗೋಡೆ, ಕಿಟಕಿ ಎಲ್ಲವೂ ಸೊಗಸಾಗಿದ್ದರೂ, ಬಾಗಿಲು ಗೋಡೆಯೊಂದಿಗೆ ಒಂದೇ ‘ಮೆಶ್’ ಆಗಿ, ಅಂದರೆ ಮೇಲ್ಮೈಯನ್ನು ರೂಪಿಸುವ ಬಹುಭುಜಗಳ ಒಂದೇ ಬಲೆಯಾಗಿ ಬೆಸೆದುಕೊಂಡಿದ್ದರೆ ಆಟದಲ್ಲಿ ಆ ಬಾಗಿಲನ್ನು ತೆರೆಯಲಾಗದು. ಬಾಗಿಲು ಬೇರೆಯಾಗಿದ್ದರೂ ಅದರ ತಿರುಗುಬಿಂದು, ಕಸುಬಿನ ಮಾತಿನಲ್ಲಿ ‘ಪಿವಟ್’, ಕೀಲಿನ ಅಂಚಿನಲ್ಲಿರದೆ ಹಲಗೆಯ ನಡುವೆ ಉಳಿದಿದ್ದರೆ, ತೆರೆಯುವಾಗ ಬಾಗಿಲಿನ ಅರ್ಧ ಒಳಕ್ಕೂ ಅರ್ಧ ಹೊರಕ್ಕೂ ತಿರುಗುತ್ತದೆ. ತಯಾರಿಸಿದವರಿಗೆ ನಿಮಿಷದ ಕೆಲಸವಾದ ಇದು, ನಲವತ್ತು ಮನೆಗಳ ಊರನ್ನು ಕಟ್ಟಲು ಹೊರಟ ಕೊಳ್ಳುಗನಿಗೆ ಒಂದು ಇಡೀ ದಿನದ ಕೆಲಸ. ಇಂಥ ಒಂದು ದೂರನ್ನು ಓದಿದ ಜಾಣ ಮಾರಾಟಗಾರರು ಆ ಬಾಗಿಲನ್ನು ಸರಿಪಡಿಸುವುದಕ್ಕೆ ನಿಲ್ಲದೆ, ಗೋಡೆ, ಮೂಲೆ, ಬಾಗಿಲು, ಮೆಟ್ಟಿಲು, ಸೂರುಗಳನ್ನು ಒಂದೇ ಅಳತೆಯ ಬಿಡಿಭಾಗಗಳಾಗಿ ಮಾಡಿ, ಕೊಳ್ಳುವವರು ತಮಗೆ ಬೇಕಾದ ಮನೆಯನ್ನು ತಾವೇ ಜೋಡಿಸಿಕೊಳ್ಳುವಂತೆ ಇಡೀ ಸರಕನ್ನು ಮತ್ತೆ ಕಟ್ಟುತ್ತಾರೆ. ‘ಮಾಡ್ಯುಲರ್ ಕಿಟ್’ ಎಂಬ ಹೆಸರಿನಲ್ಲಿ ಈಗ ಎಲ್ಲ ಅಂಗಡಿಗಳಲ್ಲೂ ಕಾಣುವ ಬಗೆ ಇದು.

ಎರಡು ಆಯಾಮದ ಆಟಗಳ ಚೌಕದ ಚಿತ್ರಗಳಲ್ಲೂ ಇದೇ ಕತೆ. ನೆಲ, ಹುಲ್ಲು, ನೀರು, ಗೋಡೆಗಳ ಸಣ್ಣ ಚೌಕಗಳನ್ನು ಜೋಡಿಸಿ ಇಡೀ ಭೂಪ್ರದೇಶವನ್ನು ರಚಿಸುವ ಈ ಗುಂಪಿಗೆ ‘ಟೈಲ್‌ಸೆಟ್’ ಎಂದು ಹೆಸರು. ಪ್ರತಿ ಚೌಕವೂ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ್ದಾಗಿದ್ದರೆ ಅದನ್ನು ಎರಡು ಪಟ್ಟು ಮಾಡಿ 32ಕ್ಕೂ ಮೂರು ಪಟ್ಟು ಮಾಡಿ 48ಕ್ಕೂ ಏರಿಸಬಹುದು, ಒಂದು ಚುಕ್ಕಿಯೂ ಮಸುಕಾಗದು. ಆದರೆ 32ರಲ್ಲಿ ಬರೆದದ್ದನ್ನು 48ಕ್ಕೆ ಹಿಗ್ಗಿಸಿದರೆ ಒಂದೂವರೆ ಪಟ್ಟಿನ ಲೆಕ್ಕವಾಗಿ ಗೆರೆಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಕೆಡುತ್ತವೆ. 2015ರಲ್ಲಿ ಬಂದ ಆರ್‌ಪಿಜಿ ಮೇಕರ್ ಎಂವಿ ಎಂಬ ತಂತ್ರಾಂಶ 48ರ ಚೌಕವನ್ನೇ ತನ್ನ ಅಳತೆಯಾಗಿ ಇಟ್ಟುಕೊಂಡದ್ದರಿಂದ, ಅದರ ಬಳಕೆದಾರರಿಗೆ ಹಿಂದಿನ ಆವೃತ್ತಿಗಾಗಿ 32ರಲ್ಲಿ ಬರೆದಿದ್ದ ಸರಕು ನೇರವಾಗಿ ಹೊಂದಲಿಲ್ಲ. ಇಚ್.ಐಒದಂಥ ಮಳಿಗೆಗಳಲ್ಲಿ ಒಂದೇ ಟೈಲ್‌ಸೆಟ್ಟನ್ನು 16, 32, 48 ಎಂಬ ಮೂರು ಕಡತಗಳಾಗಿ ಕೊಡುವ ರೂಢಿ ಬೆಳೆದದ್ದಕ್ಕೆ ಇಂಥ ತೊಡಕುಗಳೇ ಹಿನ್ನೆಲೆ. ಚಿತ್ರವನ್ನು ಮೊದಲಿಗೇ ಅತಿ ಸಣ್ಣ ಅಳತೆಯಲ್ಲಿ ಬರೆದವರಿಗೆ ಈ ಮೂರನ್ನೂ ಕೊಡುವುದು ಸುಲಭ. ಬೇಡಿಕೆ ಎಂಬುದು ಚಿತ್ರ ಬರೆಯುವುದಕ್ಕೂ ಮೊದಲೇ ಹಾಳೆಯ ಅಳತೆಯನ್ನು ನಿರ್ಧರಿಸುತ್ತದೆ.

ತಂತ್ರಾಂಶ ಬದಲಾದಾಗ

ಗ್ರಾಹಕರ ಬಯಕೆ ಅವರ ಮನಸ್ಸಿನಿಂದಲೇ ಹುಟ್ಟುತ್ತದೆ ಎನ್ನುವಂತಿಲ್ಲ. ಅವರು ಬಳಸುವ ತಂತ್ರಾಂಶದ ಕಂಪನಿ ತನ್ನ ನಡೆಯನ್ನು ಬದಲಿಸಿದ ದಿನ ಸಾವಿರಾರು ಸರಕುಗಳು ಒಟ್ಟಿಗೆ ಹಳತಾಗುತ್ತವೆ. ಆಟ ರೂಪಿಸುವ ತಂತ್ರಾಂಶದ ಕಂಪನಿಯಾದ ಯೂನಿಟಿಯು 2018ರಲ್ಲಿ ಹೊಸ ಬಗೆಯ ಚಿತ್ರಣ ವ್ಯವಸ್ಥೆಗಳನ್ನು ಪರಿಚಯಿಸಿತು. ಇವುಗಳಲ್ಲಿ ಒಂದು ಮುಂದೆ ಯುಆರ್‌ಪಿ ಎಂಬ ಹೆಸರು ಪಡೆದು ಮೊಬೈಲಿನಿಂದ ಹಿಡಿದು ಎಲ್ಲ ಬಗೆಯ ಯಂತ್ರಗಳಿಗೂ ಒದಗುವಂಥದ್ದಾಯಿತು, ಇನ್ನೊಂದು ಎಚ್‌ಡಿಆರ್‌ಪಿ ಪ್ರಬಲ ಕಂಪ್ಯೂಟರುಗಳಿಗೆ ಮೀಸಲಾಯಿತು. ವಸ್ತುವಿನ ಮೇಲೆ ಬೆಳಕು ಬಿದ್ದಾಗ ಅದು ಹೇಗೆ ಕಾಣಬೇಕೆಂದು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಮಿಗೆ ‘ಶೇಡರ್’ ಎನ್ನುತ್ತಾರೆ; ಹಳೆಯ ವ್ಯವಸ್ಥೆಗೆ ಬರೆದ ಶೇಡರ್ ಹೊಸದರಲ್ಲಿ ನಡೆಯದಿದ್ದಾಗ ಯೂನಿಟಿ ಆ ವಸ್ತುವನ್ನು ಕಡು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ. ದುಡ್ಡು ಕೊಟ್ಟು ತಂದ ಹಸಿರು ಕಾಡು ತೆರೆಯ ಮೇಲೆ ಅಡಿಯಿಂದ ಮುಡಿಯವರೆಗೆ ಗುಲಾಬಿಯಾಗಿ ನಿಂತರೆ ಕೊಳ್ಳುವವರು ಮೊದಲು ದೂರುವುದು ಮಾರಾಟಗಾರರನ್ನೇ. ಈ ಸ್ಥಿತ್ಯಂತರದಲ್ಲಿ ಉಳಿದುಕೊಂಡವರು ಹಳೆಯದೂ ಸೇರಿ ಮೂರೂ ವ್ಯವಸ್ಥೆಗಳಿಗೆ ಬೇರೆ ಬೇರೆ ಕಡತಗಳನ್ನು ಸೇರಿಸಿ, ಯಾವುದು ಯಾವ ಆವೃತ್ತಿಗೆ ಎಂಬುದನ್ನು ವಿವರಣೆಯ ಮೊದಲ ಸಾಲಿನಲ್ಲೇ ಬರೆದವರು.

ಡ್ಯಾಜ್ 3ಡಿ ಸಂಸ್ಥೆಯ ಸುತ್ತ ಬೆಳೆದ ಮಾನವಾಕೃತಿಗಳ ಪೇಟೆಯಲ್ಲಿ ಈ ಬಗೆಯ ಬದಲಾವಣೆ ತಲೆಮಾರುಗಳ ಲೆಕ್ಕದಲ್ಲಿ ನಡೆದಿದೆ. ಸಂಸ್ಥೆಯೇ ಮೂಲ ಆಕೃತಿಯನ್ನು ಒದಗಿಸಿ, ಅದಕ್ಕೆ ಬೇಕಾದ ಉಡುಪು, ಕೂದಲು, ಭಂಗಿಗಳನ್ನು ಮಾಡಿ ಮಾರುವುದಕ್ಕೆ ಸ್ವತಂತ್ರ ಕಲಾವಿದರಿಗೆ ಅವಕಾಶ ಕೊಟ್ಟಿರುವ ಏರ್ಪಾಡು ಇದು. ಜೆನೆಸಿಸ್ ಎಂಬ ಆಕೃತಿ 2011ರಲ್ಲಿ ಬಂದ ಮೇಲೆ ಅದರ ಹೊಸ ಹೊಸ ರೂಪಗಳು ಬರುತ್ತ, 2017ರಲ್ಲಿ ಜೆನೆಸಿಸ್ 8, 2022ರಲ್ಲಿ ಜೆನೆಸಿಸ್ 9 ಹೊರಬಂದವು. ಪ್ರತಿ ಸಲವೂ ದೇಹದ ಮೆಶ್ ಬದಲಾಗುವುದರಿಂದ ಹಳೆಯ ಉಡುಪು ಹೊಸ ದೇಹಕ್ಕೆ ಸರಿಯಾಗಿ ಕೂರುವುದಿಲ್ಲ; ತಂತ್ರಾಂಶದಲ್ಲೇ ಇರುವ ಹೊಂದಿಸುವ ಸೌಲಭ್ಯ ಅಂಗಿಗಳ ಮಟ್ಟಿಗೆ ಚೆನ್ನಾಗಿ ಕೆಲಸ ಮಾಡಿದರೂ ಲಂಗ ಮತ್ತು ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ವಿಕಾರಗೊಳಿಸುತ್ತದೆ. ಹೊಸ ಆಕೃತಿ ಬಂದ ಮೊದಲ ತಿಂಗಳುಗಳಲ್ಲಿ ಉಡುಪಿನ ಕೊರತೆಯಿರುವುದರಿಂದ ಆಗ ಸಾಮಾನ್ಯ ಅಂಗಿ-ಪ್ಯಾಂಟಿಗೂ ಗಿರಾಕಿ ಸಿಗುತ್ತದೆ. ಆದರೆ ಹಳೆಯದರ ಮೇಲೆ ವರ್ಷಗಳಿಂದ ಹಣ ಸುರಿದ ಗ್ರಾಹಕರು ಅದನ್ನು ಅಷ್ಟು ಬೇಗ ಬಿಡುವುದಿಲ್ಲವಾದ್ದರಿಂದ, ಎರಡು ತಲೆಮಾರುಗಳಿಗೂ ಒಂದೇ ಉಡುಪನ್ನು ಕೊಡುವುದು, ಇಲ್ಲವೇ ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನವನ್ನೇ ಮಾರುವುದು ಲಾಭದ ದಾರಿಯಾಗಿದೆ. 2017ರಲ್ಲೇ ಸೇರಿದ ‘ಡಿಫೋರ್ಸ್’ ಎಂಬ ಬಟ್ಟೆಯ ಚಲನೆಯ ಲೆಕ್ಕಾಚಾರ ಇನ್ನೊಂದು ತಿರುವನ್ನು ತಂದಿತು: ಕುಳಿತಾಗ ಮಡಿಕೆ ಬೀಳುವ, ಗಾಳಿಗೆ ಹಾರುವ ಉಡುಪನ್ನು ಒಮ್ಮೆ ಕಂಡವರಿಗೆ ತಗಡಿನಂತೆ ನಿಲ್ಲುವ ಹಳೆಯ ಉಡುಪು ರುಚಿಸಲಿಲ್ಲ.

ಕೆಲವು ಸಲ ಬದಲಾವಣೆಗೆ ಕಾರಣ ತಂತ್ರವಲ್ಲ, ವಿಶ್ವಾಸ. 2023ರ ಸೆಪ್ಟೆಂಬರ್ 12ರಂದು ಯೂನಿಟಿ ಸಂಸ್ಥೆಯು ಆಟಗಳು ಬಳಕೆದಾರರ ಯಂತ್ರದಲ್ಲಿ ಸ್ಥಾಪನೆಯಾದ ಲೆಕ್ಕದ ಮೇಲೆ ಶುಲ್ಕ ವಿಧಿಸುವುದಾಗಿ ಘೋಷಿಸಿದಾಗ ಆಟ ತಯಾರಕರಲ್ಲಿ ದೊಡ್ಡ ಅಸಮಾಧಾನ ಎದ್ದಿತು. ಮರುವರ್ಷ ಸಂಸ್ಥೆ ಆ ಶುಲ್ಕವನ್ನು ಕೈಬಿಟ್ಟರೂ ಅಷ್ಟರಲ್ಲಿ ಹಲವರು ಗೊಡೊ ಎಂಬ ಮುಕ್ತ ತಂತ್ರಾಂಶದತ್ತ ಹೊರಳಿದ್ದರು. ಒಂದೇ ಕಂಪನಿಯ ಕಡತರೂಪಕ್ಕೆ ಕಟ್ಟುಬಿದ್ದಿದ್ದ ಮಾರಾಟಗಾರರಿಗೆ ಇದು ಪಾಠವಾಯಿತು. ಪಿಎನ್‌ಜಿ, ಎಫ್‌ಬಿಎಕ್ಸ್, ಹಾಗೂ ಕ್ರೋನೋಸ್ ಗ್ರೂಪ್ ರೂಪಿಸಿದ ಜಿಎಲ್‌ಟಿಎಫ್‌ನಂಥ, ಬಹುತೇಕ ತಂತ್ರಾಂಶಗಳು ಓದಬಲ್ಲ ರೂಪಗಳಲ್ಲಿ ಮೂಲ ಕಡತವನ್ನು ಕಾಪಿಟ್ಟುಕೊಂಡು, ಆಯಾ ಅಂಗಡಿಗೆ ಬೇಕಾದ ಹೊದಿಕೆಯನ್ನು ಆಮೇಲೆ ಸೇರಿಸುವ ಕ್ರಮ ಹೆಚ್ಚು ಕ್ಷೇಮಕರ.

ಗ್ರಾಹಕರು ಎರಡು ದಿಕ್ಕಿಗೂ ಎಳೆಯುವುದುಂಟು. ಮೊಬೈಲ್ ಆಟದವರು ಕಡಿಮೆ ಬಹುಭುಜಗಳ ಹಗುರ ಮಾದರಿಯನ್ನು ಬಯಸಿದರೆ, 2022ರಲ್ಲಿ ನ್ಯಾನೈಟ್ ಎಂಬ ಸೌಲಭ್ಯದೊಂದಿಗೆ ಬಂದ ಅನ್‌ರಿಯಲ್ ಎಂಜಿನ್ 5ರ ಬಳಕೆದಾರರು ಲಕ್ಷಗಟ್ಟಲೆ ಬಹುಭುಜಗಳ ಕಲ್ಲುಬಂಡೆಯನ್ನೂ ಹಾಗೆಯೇ ಸ್ವೀಕರಿಸುತ್ತಾರೆ. ಇಬ್ಬರನ್ನೂ ಒಂದೇ ಸರಕಿನಿಂದ ತೃಪ್ತಿಪಡಿಸಲು ಹೊರಟರೆ ಎರಡೂ ಕೆಡುವ ಸಂಭವವೇ ಹೆಚ್ಚಾದ್ದರಿಂದ, ಒಬ್ಬರನ್ನು ಆರಿಸಿಕೊಂಡು ಇನ್ನೊಬ್ಬರನ್ನು ಬಿಡುವುದು ವಿವೇಕ.

ಕನ್ನಡದ ನಮೂನೆಗಳು

ಕರ್ನಾಟಕದಲ್ಲಿ ಇದೇ ವ್ಯಾಪಾರದ ಬೇರೊಂದು ಮುಖವಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಹುಟ್ಟುಹಬ್ಬದ ಫ್ಲೆಕ್ಸ್, ರಾಜ್ಯೋತ್ಸವದ ಬ್ಯಾನರ್‌ಗಳ ತೆರೆದ ಕಡತಗಳು ಪಿಎಸ್‌ಡಿ ಅಥವಾ ಸಿಡಿಆರ್ ರೂಪದಲ್ಲಿ, ಅಂದರೆ ಫೋಟೊಶಾಪ್ ಮತ್ತು ಕೋರೆಲ್‌ಡ್ರಾ ತಂತ್ರಾಂಶಗಳಲ್ಲಿ ತಿದ್ದಬಹುದಾದ ಪದರಗಳೊಂದಿಗೆ, ಊರೂರಿನ ಡಿಟಿಪಿ ಕೇಂದ್ರಗಳಿಗೆ ಮಾರಾಟವಾಗುತ್ತವೆ. ಇಲ್ಲಿನ ಮುಖ್ಯ ಸಮಸ್ಯೆ ಅಕ್ಷರದ್ದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ರೂಪುಗೊಂಡ ಫಾಂಟುಗಳು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ‘ಶುಭವಿವಾಹ’ ಇದ್ದ ಕಡೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್ ಫಾಂಟ್ ಬಳಸಿದರೆ ಇನ್ನೊಂದು ತೊಡಕು: ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ‘ವರ್ಲ್ಡ್-ರೆಡಿ’ ಜೋಡಣೆಯನ್ನು ಆರಿಸದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಒಡೆದು ಪಕ್ಕದಲ್ಲಿ ನಿಲ್ಲುತ್ತವೆ. ಇದಕ್ಕೆ ಹೆದರಿ ಎಲ್ಲ ಬರಹವನ್ನೂ ರೇಖೆಯಾಗಿ ಪರಿವರ್ತಿಸಿ ಕೊಟ್ಟರೆ ಚೆಲುವು ಉಳಿಯುತ್ತದೆ, ಆದರೆ ವಧೂವರರ ಹೆಸರನ್ನು ಬದಲಿಸಲು ಬಾರದು. ಹೆಸರು ಬದಲಿಸಲಾಗದ ಲಗ್ನಪತ್ರಿಕೆಯ ನಮೂನೆಯಿಂದ ಡಿಟಿಪಿಯವರಿಗೆ ಆಗಬೇಕಾದದ್ದೇನೂ ಇಲ್ಲ.

ಸರಿಯಾದ ಏರ್ಪಾಡೆಂದರೆ, ಬದಲಾಗದ ಅಲಂಕಾರಿಕ ಶೀರ್ಷಿಕೆಯನ್ನು ಮಾತ್ರ ರೇಖೆಯಾಗಿಸಿ, ಹೆಸರು, ದಿನಾಂಕ, ಸ್ಥಳಗಳನ್ನು ನೋಟೊ, ಬಾಲೂ ತಮ್ಮ, ಅನೇಕ್ ಕನ್ನಡಗಳಂಥ ಮುಕ್ತ ಪರವಾನಗಿಯ ಫಾಂಟುಗಳಲ್ಲಿ ತಿದ್ದಲು ಬರುವಂತೆ ಇಟ್ಟು, ಆ ಫಾಂಟುಗಳನ್ನೂ ಕಡತದ ಜೊತೆಗೇ ಕೊಡುವುದು. ಪರವಾನಗಿಯ ಪ್ರತಿಯನ್ನು ಜೊತೆಗಿಟ್ಟು ಹಾಗೆ ಹಂಚಲು ಅವುಗಳಿಗೆ ಅನುಮತಿಯಿದೆ. ವಿನ್ಯಾಸದ ಹಂತದಲ್ಲೇ ಗಮನಿಸಬೇಕಾದ ಇನ್ನೊಂದು ಸಂಗತಿ ಜಾಗದ ಹಿಗ್ಗುವಿಕೆ. ‘ಸುಖಾಗಮನ ಬಯಸುವವರು’ ಎಂಬ ತಲೆಬರಹದ ಕೆಳಗೆ ಒಂದು ಮನೆಯವರು ನಾಲ್ಕು ಹೆಸರು ಹಾಕಿಸಿದರೆ ಇನ್ನೊಂದು ಮನೆಯವರು ನಲವತ್ತು ಹೆಸರಿನ ಪಟ್ಟಿ ತರುತ್ತಾರೆ. ಫ್ಲೆಕ್ಸಿನಲ್ಲಿ ಶುಭ ಕೋರುವವರ ದುಂಡನೆಯ ಭಾವಚಿತ್ರಗಳ ಸಂಖ್ಯೆಯೂ ಹೀಗೆಯೇ, ಒಂದು ತಲೆ ಬಿಟ್ಟುಹೋದರೂ ಊರಿನಲ್ಲಿ ಮುನಿಸು ಹುಟ್ಟುವಂಥದ್ದು. ಐದು, ಹತ್ತು, ಇಪ್ಪತ್ತು ಚಿತ್ರಗಳ ಸಾಲುಗಳನ್ನು ಬೇರೆ ಬೇರೆ ಪದರಗುಚ್ಛಗಳಾಗಿ ಕೊಟ್ಟ ನಮೂನೆ, ಬಣ್ಣದಲ್ಲಿ ಅದಕ್ಕಿಂತ ಮಿಗಿಲಾದದ್ದನ್ನೂ ಹಿಂದಿಕ್ಕುತ್ತದೆ.

ಉಚಿತ ಸರಕು, ಯಂತ್ರದ ಚಿತ್ರ

ಹಣ ಕೊಡದೆ ಸಿಗುವ ಸಾಮಗ್ರಿಯ ಮಟ್ಟ ಈಗ ಬಹಳ ಏರಿದೆ. ನೆದರ್‌ಲೆಂಡ್ಸ್‌ನ ಕೆನ್ನಿ ಎಂಬ ಹೆಸರಿನ ಸ್ಟುಡಿಯೊ ಆಟದ ಸಾಮಗ್ರಿಯನ್ನೂ, ಪಾಲಿ ಹೇವನ್ ಮೇಲ್ಮೈ ಚಿತ್ರ ಮತ್ತು ಬೆಳಕಿನ ಚಿತ್ರಗಳನ್ನೂ ಸಿಸಿ0 ಪರವಾನಗಿಯಲ್ಲಿ, ಅಂದರೆ ಹೆಸರು ಉಲ್ಲೇಖಿಸುವ ಷರತ್ತೂ ಇಲ್ಲದೆ, ಕೊಡುತ್ತವೆ. ಸಾಮಾನ್ಯ ಇಟ್ಟಿಗೆ ಗೋಡೆ, ಮರದ ಹಲಗೆ, ಪೀಪಾಯಿಗಳನ್ನು ಮಾರಿ ಬದುಕುವುದು ಹೀಗಾಗಿ ಕಷ್ಟ. ಉಚಿತ ಸರಕಿನಲ್ಲಿ ಸಿಗದಿರುವುದೆಂದರೆ ಒಂದೇ ಶೈಲಿಯ ದೊಡ್ಡ ಗುಚ್ಛ, ಅಪರೂಪದ ಪ್ರಾದೇಶಿಕ ವಿಷಯ, ಮತ್ತು ಕೇಳಿದಾಗ ಉತ್ತರಿಸುವ ಜನ. ಚೋಳರ ದೇಗುಲ, ಮಲೆನಾಡಿನ ತೊಟ್ಟಿಮನೆ, ಯಕ್ಷಗಾನದ ಕಿರೀಟಗಳಂಥ ವಿಷಯಗಳಿಗೆ ಕೇಳುವವರು ಕಡಿಮೆಯಾದರೂ, ಬೇಕಾದವರಿಗೆ ಬೇರೆ ಆಯ್ಕೆ ಇರುವುದಿಲ್ಲವಾದ್ದರಿಂದ ಬೆಲೆ ನಿಲ್ಲುತ್ತದೆ. ಇಂಥವನ್ನು ಮಾಡುವವರು ಕಣ್ಣಳತೆಯನ್ನು ನಂಬದೆ ನಿಜವಾದ ಅಳತೆ ಮತ್ತು ಛಾಯಾಚಿತ್ರಗಳಿಂದ ಮಾಡಬೇಕು.

ಪಠ್ಯವನ್ನು ಕೊಟ್ಟರೆ ಚಿತ್ರ ಬರೆಯುವ ಕೃತಕ ಬುದ್ಧಿಮತ್ತೆಯ ಸಾಧನಗಳು 2022ರಿಂದ ವ್ಯಾಪಕವಾದ ಮೇಲೆ ಅಂಗಡಿಗಳು ಒಂದೇ ದಾರಿ ಹಿಡಿಯಲಿಲ್ಲ. ಗೆಟಿ ಇಮೇಜಸ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಂಥ ಚಿತ್ರಗಳನ್ನು ನಿಷೇಧಿಸಿತು. ಅಡೋಬಿ ಸ್ಟಾಕ್ ಡಿಸೆಂಬರ್‌ನಲ್ಲಿ ಗುರುತುಪಟ್ಟಿಯ ಷರತ್ತಿನೊಂದಿಗೆ ಒಪ್ಪಿಕೊಂಡಿತು. ಆಟಗಳನ್ನು ಮಾರುವ ಸ್ಟೀಮ್ 2024ರ ಜನವರಿಯಿಂದ ತಯಾರಕರು ಇಂಥ ಬಳಕೆಯನ್ನು ಬಹಿರಂಗಪಡಿಸಬೇಕೆಂದದ್ದರ ಪರಿಣಾಮ ಕೆಳಗಿನವರೆಗೂ ಇಳಿದು, ಆಟ ತಯಾರಕರು ತಾವು ಕೊಳ್ಳುವ ಪ್ರತಿ ಸಾಮಗ್ರಿಯ ಮೂಲವನ್ನು ಕೇಳತೊಡಗಿದ್ದಾರೆ, ಇಚ್.ಐಒ ಕೂಡ ಅದೇ ವರ್ಷದ ನವೆಂಬರ್‌ನಲ್ಲಿ ಸಾಮಗ್ರಿ ಮಾರುವವರಿಗೆ ಈ ಘೋಷಣೆಯನ್ನು ಕಡ್ಡಾಯಗೊಳಿಸಿತು. ಕೈಯಿಂದ ಬರೆಯುವವರು ಪದರಗಳಿರುವ ಮೂಲ ಕಡತವನ್ನು ಜೊತೆಗೆ ಕೊಡುವುದು ಈಗ ಎರಡು ಬಗೆಯಲ್ಲಿ ಫಲ ಕೊಡುತ್ತದೆ: ತಿದ್ದಲು ಅನುಕೂಲ, ಕೆಲಸ ಯಾರದೆಂಬುದಕ್ಕೆ ಆಧಾರ. ಯಂತ್ರದ ನೆರವು ಪಡೆದವರು ಅದನ್ನು ಮುಚ್ಚಿಟ್ಟರೆ ಅಪಾಯಕ್ಕೆ ಸಿಲುಕುವುದು ಅವರೊಬ್ಬರೇ ಅಲ್ಲ, ಆ ಚಿತ್ರವನ್ನು ತನ್ನ ಆಟದಲ್ಲಿ ಬಳಸಿದ ಗ್ರಾಹಕ ಕೂಡ.

ಬೆಲೆ, ಪರವಾನಗಿ, ತೆರಿಗೆ

ಯೂನಿಟಿ ಮಳಿಗೆ ಮಾರಾಟಗಾರರಿಗೆ ಶೇ 70 ಕೊಡುತ್ತದೆ. ಎಪಿಕ್ 2018ರ ಜುಲೈನಲ್ಲಿ ತನ್ನ ಮಾರಾಟಗಾರರ ಪಾಲನ್ನು ಶೇ 88ಕ್ಕೆ ಏರಿಸಿ, 2014ರಿಂದ ಆದ ಹಳೆಯ ಮಾರಾಟಗಳಿಗೂ ಅನ್ವಯಿಸಿತು. ಅಡೋಬಿ ಸ್ಟಾಕ್‌ನಲ್ಲಿ ಚಿತ್ರಗಳ ಪಾಲು ಶೇ 33. ಚಂದಾ ವ್ಯವಸ್ಥೆಯ ಅಂಗಡಿಗಳಲ್ಲಿ ಒಂದೊಂದು ಡೌನ್‌ಲೋಡಿಗೆ ಸಿಗುವ ಮೊತ್ತ ಅಲ್ಪವಾದ್ದರಿಂದ ಅಲ್ಲಿ ಸಂಖ್ಯೆಯೇ ಮುಖ್ಯ, ಹುಡುಕಿದಾಗ ಕಣ್ಣಿಗೆ ಬೀಳುವುದೇ ಅರ್ಧ ಕೆಲಸ: ಅಡೋಬಿ ಸ್ಟಾಕ್ ಒಂದು ಚಿತ್ರಕ್ಕೆ 49ರವರೆಗೆ ಹುಡುಕುಪದಗಳನ್ನು ಒಪ್ಪಿದರೂ ಮೊದಲ ಹತ್ತಕ್ಕೆ ಹೆಚ್ಚು ತೂಕ ಕೊಡುತ್ತದೆ. ಹಬ್ಬಗಳ ಚಿತ್ರಗಳು ಹಬ್ಬಕ್ಕೆ ಎರಡು-ಮೂರು ತಿಂಗಳ ಮೊದಲೇ ಅಂಗಡಿಯಲ್ಲಿರಬೇಕು, ಏಕೆಂದರೆ ಜಾಹೀರಾತಿನವರು ದೀಪಾವಳಿಯ ಕೆಲಸವನ್ನು ಮಳೆಗಾಲದಲ್ಲೇ ಶುರುಮಾಡುತ್ತಾರೆ. ಪದೇ ಪದೇ ಅರ್ಧ ಬೆಲೆಗೆ ಮಾರುವುದು ಒಳ್ಳೆಯದಲ್ಲ. ಗ್ರಾಹಕರು ಮುಂದಿನ ರಿಯಾಯಿತಿಗೆ ಕಾಯುವುದನ್ನು ಬೇಗ ಕಲಿಯುತ್ತಾರೆ.

ಪರವಾನಗಿಯನ್ನು ಕುರಿತು ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಈ ಚಿತ್ರವನ್ನು ಅಂಗಿಯ ಮೇಲೆ ಮುದ್ರಿಸಿ ಮಾರಬಹುದೇ, ಮತ್ತು ಇದನ್ನು ಬದಲಿಸಿ ತನ್ನ ಸರಕಾಗಿ ಮಾರಬಹುದೇ. ಎರಡಕ್ಕೂ ಉತ್ತರವನ್ನು ಸರಳ ವಾಕ್ಯಗಳಲ್ಲಿ ಸರಕಿನ ಪುಟದಲ್ಲೇ ಬರೆಯುವುದು ಒಳಿತು. ಫ್ಯಾಬ್ ಮಳಿಗೆ, ಹಿಂದಿನ 12 ತಿಂಗಳಲ್ಲಿ ಒಂದು ಲಕ್ಷ ಡಾಲರಿಗಿಂತ ಹೆಚ್ಚು ವರಮಾನವಿರುವ ಗ್ರಾಹಕರಿಗೆ ಬೇರೆ ದರ್ಜೆಯ ಪರವಾನಗಿ ಇಟ್ಟು, ಮಾರಾಟಗಾರರು ಎರಡು ಬೆಲೆಗಳನ್ನು ನಿಗದಿಪಡಿಸಲು ಅವಕಾಶ ಕೊಟ್ಟಿದೆ. ಅಮೆರಿಕದ ಅಂಗಡಿಗಳಲ್ಲಿ ಮಾರುವ ಭಾರತೀಯರು ಡಬ್ಲ್ಯು-8ಬೆನ್ ಎಂಬ ನಮೂನೆಯನ್ನು ಪ್ಯಾನ್ ಸಂಖ್ಯೆಯೊಂದಿಗೆ ತುಂಬಿದರೆ, ಅಮೆರಿಕದ ಮೂಲದ ರಾಯಧನದ ಮೇಲಿನ ಶೇ 30ರ ತೆರಿಗೆ ಕಡಿತ ಎರಡು ದೇಶಗಳ ಒಪ್ಪಂದದಂತೆ ಶೇ 15ಕ್ಕೆ ಇಳಿಯುತ್ತದೆ. ಜಿಎಸ್‌ಟಿಯ ವಿಚಾರವನ್ನು ಲೆಕ್ಕಪರಿಶೋಧಕರ ಬಳಿ ಕೇಳಿಯೇ ಮುಂದುವರಿಯಬೇಕು.

ಕಡೆಯದಾಗಿ ಹಳೆಯ ಸರಕಿನ ಪ್ರಶ್ನೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾರಾಟವಾಗುವ ಸಾಮಗ್ರಿಯನ್ನು ಪ್ರತಿ ಹೊಸ ಆವೃತ್ತಿಗೂ ತಿದ್ದುತ್ತ ಹೋದರೆ ಹೊಸದನ್ನು ಮಾಡಲು ಸಮಯ ಉಳಿಯದು. ತಿದ್ದದೆ ಅಂಗಡಿಯಲ್ಲೇ ಬಿಟ್ಟರೆ ಅದಕ್ಕೆ ಬೀಳುವ ಕೆಟ್ಟ ವಿಮರ್ಶೆ ಉಳಿದ ಸರಕಿನ ಹೆಸರನ್ನೂ ಕೆಡಿಸುತ್ತದೆ. ಯೂನಿಟಿ ಮಳಿಗೆಯಲ್ಲಿ ಇಂಥದ್ದನ್ನು ಮಾರಾಟದಿಂದ ಹಿಂತೆಗೆಯಬಹುದು, ಆಗಲೂ ಹಿಂದೆ ಕೊಂಡವರಿಗೆ ಅದನ್ನು ಇಳಿಸಿಕೊಳ್ಳುವ ಅವಕಾಶ ಉಳಿಯುತ್ತದೆ. ಹಿಂತೆಗೆಯುವ ಒಂದೆರಡು ತಿಂಗಳು ಮೊದಲು ಆ ಸಂಗತಿಯನ್ನು ವಿವರಣೆಯಲ್ಲಿ ಪ್ರಕಟಿಸಿ, ಅದು ಕೊನೆಯದಾಗಿ ಯಾವ ಆವೃತ್ತಿಯಲ್ಲಿ ಕೆಲಸ ಮಾಡಿತೆಂಬುದನ್ನು ನಮೂದಿಸುವುದು ವಾಡಿಕೆಯಾಗಬೇಕು.